ಫಾಕ್ಸ್‌ಗ್ಲೋವ್ ಸತ್ತದ್ದು ನಿನ್ನ ಕೈಯಿಂದಲ್ಲ

ಪ್ರಮೀಳಾ, ನಿನ್ನ ಕೈಗುಣ ಕೆಟ್ಟದ್ದೆಂದು ನಾನು ಹೇಳಿದ್ದು ಸುಳ್ಳು. ಬಾಯಿತಪ್ಪಿ ಬಂದ ಮಾತಲ್ಲ — ಗೊತ್ತಿದ್ದೇ ಹೇಳಿದೆ. ನಿನ್ನ ಅಂಗಳದಲ್ಲಿ ಸತ್ತ ಫಾಕ್ಸ್‌ಗ್ಲೋವ್ ಹೂಗಿಡಗಳು ನನ್ನ ಅಂಗಳದಲ್ಲೂ ಸತ್ತಿದ್ದವು.

ಎಂಬತ್ತೈದನೇ ಇಸವಿ ಇರಬೇಕು. ನಾವು ಈ ಪರದೇಶದ ಊರಿನ ಲೊರೆಶೋ ಬಡಾವಣೆಯಲ್ಲಿದ್ದೆವು. ಮಗ ಕಾಲೇಜಿಗೆ, ಸೊಸೆ ಆಸ್ಪತ್ರೆಗೆ ಕೆಲಸಕ್ಕೆ ಹೋದ ಮೇಲೆ ನನಗೆ ಗಿಡಗಳದ್ದೇ ಕೆಲಸ. ಹಾಲಿನಪುಡಿ ಡಬ್ಬಗಳಲ್ಲಿ ಸಸಿ ಎಬ್ಬಿಸಿ ನಮ್ಮ ಕನ್ನಡದ ಹೆಂಗಸರಿಗೆ ಮಾರುತ್ತಿದ್ದೆ. "ಅಜ್ಜಿ ಕೈ ಅಂದ್ರೆ ಕೈ" ಎಂದು ಎಲ್ಲರೂ ಹೊಗಳುವುದು. ಆ ಹೊಗಳಿಕೆ — ಥೂ, ಅದನ್ನು ತಿಂದುಕೊಂಡೇ ಬದುಕಿದ್ದೆ ನಾನು.

ಫಾಕ್ಸ್‌ಗ್ಲೋವ್ ಬೀಜದ ಪೊಟ್ಟಣದ ಮೇಲೆ ವರ್ಷ ವರ್ಷವೂ ಹೂ ಬಿಡುತ್ತದೆಂದು ಬರೆದಿತ್ತು. ಮೊಮ್ಮಗಳು ಓದಿ ಹೇಳಿದಳು. ನಾನೂ ಹಾಗೇ ಹೇಳಿ ಮಾರಿದೆ. ಅಲ್ಲಿಯವರೆಗೆ ನನ್ನ ಮೋಸವಿಲ್ಲ. ಮೊದಲ ವರ್ಷ ಬರೀ ಎಲೆ. ಎರಡನೆಯ ವರ್ಷ ಆಳೆತ್ತರದ ಕಡ್ಡಿ, ಅದರ ತುಂಬ ನೇರಳೆ ಹೂ. ಆಮೇಲೆ ಬೀಜ ಕಟ್ಟಿತು, ಬುಡಸಮೇತ ಕೊಳೆಯಿತು. ಒಂದೂ ಉಳಿಯಲಿಲ್ಲ. ಆ ಗಿಡದ ಆಯಸ್ಸೇ ಅಷ್ಟು.

ಕೊಂಡವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸೊಸೆ ಏಳುವ ಮೊದಲೇ ಸತ್ತವನ್ನು ಕಿತ್ತು ಬೇಲಿಯಾಚೆ ಎಸೆದೆ. ಡಬ್ಬದಲ್ಲಿ ಬೆಳೆದಿದ್ದ ಅದೇ ಜಾತಿಯ ಹೊಸ ಗಿಡಗಳನ್ನು ತಂದು ಅದೇ ಸಾಲಿನಲ್ಲಿ ಇಟ್ಟೆ. ನೋಡಿದವರಿಗೆ ಅಜ್ಜಿಯ ಗಿಡ ಮತ್ತೆ ಚಿಗುರಿದೆ!

ಒಂದು ಶುಕ್ರವಾರ ಸ್ಪ್ರಿಂಗ್ ವ್ಯಾಲಿಯ ಸುಶೀಲನ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಸೇರಿದ್ದೆವು. ಎಲ್ಲರ ಮುಂದೆ ನೀನು ಕೇಳಿದೆ — "ಅಜ್ಜೀ, ನನ್ನ ಫಾಕ್ಸ್‌ಗ್ಲೋವ್ ಎಲ್ಲಾ ಹೋಯ್ತು. ವರ್ಷಾ ವರ್ಷಾ ಬರುತ್ತೆ ಅಂದಿದ್ರಲ್ಲ?"

ಸುಶೀಲ ನಕ್ಕಳು. "ಅಜ್ಜಿ ಮನೇಲಿ ಮೊನ್ನೆ ತಾನೆ ನೋಡ್ಕೊಂಡ್ ಬಂದೆ, ಜುಮ್ ಅಂತ ಇವೆ. ನೀರು ಹಾಕ್ತಿದ್ಯೋ, ಟೀ ಹಾಕ್ತಿದ್ಯೋ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಅಂದೆ — "ಗಿಡ ಚೆನ್ನಾಗಿರೋದೇ ಕೊಟ್ಟಿದ್ದೆ ಕಣಮ್ಮ. ಕೈಗುಣ ಅಂತ ಒಂದಿರುತ್ತಲ್ಲ."

ಅಷ್ಟೇ ಸಾಕಾಯಿತು ಅವರಿಗೆ. ಅದೇ ವರ್ಷ ನಿನ್ನ ಬಸಿರು ಇಳಿದಿತ್ತು. ಗಿಡಕ್ಕೂ ಅದಕ್ಕೂ ಗಂಟು ಹಾಕಿದರು. ದೊಡ್ಡ ಓದು ಓದಿದ ಹೆಂಗಸರು! ಸುಶೀಲನ ಸೊಸೆಯ ಸೀಮಂತದಲ್ಲಿ ಬಳೆ ತಟ್ಟೆ ನಿನ್ನ ಹತ್ತಿರ ಬರುವಾಗ ಸುಶೀಲ, "ನೀನು ಸ್ವಲ್ಪ ಪಾಯಸ ನೋಡಮ್ಮ, ತಳ ಹಿಡಿಯುತ್ತೆ" ಎಂದಳು. ನೀನು ಎದ್ದು ಹೋದೆ. ಪಾಯಸ ಒಲೆಯ ಮೇಲಿರಲಿಲ್ಲ, ಪ್ರಮೀಳಾ. ಆಗಲೇ ನಾನೇ ಇಳಿಸಿ ಬಂದಿದ್ದೆ. ಆದರೂ ಬಾಯಿ ಬಿಡದೆ ಕೂತೆ. ದೊಡ್ಡ ಮುತ್ತೈದೆಯಂತೆ ಆ ಹುಡುಗಿಗೆ ಬಳೆ ತೊಡಿಸಿದೆ. ನೀನು ಒಳಗೆ ಖಾಲಿ ಒಲೆ ನೋಡುತ್ತಾ —

ಇಷ್ಟು ವರ್ಷಗಳಾದ ಮೇಲೆ, ಹೋದ ವಾರ ಸುಶೀಲನಿಗೆ ನಿಜ ಹೇಳಿದೆ. "ಅಯ್ಯೋ ಬಿಡಿ ಅಜ್ಜಿ, ಹಳೇ ಕತೆ. ಹೂವಿನ ಗಿಡ ತಾನೆ" ಎಂದಳು. ಹೂವಿನ ಗಿಡವಂತೆ! ಆಮೇಲೆ ಎಷ್ಟು ಶುಭಕಾರ್ಯಗಳಲ್ಲಿ ನಿನ್ನನ್ನು ಅಡುಗೆಮನೆಗೆ ಅಟ್ಟಿದರು — ಅದು ಅವಳಿಗೆ ನೆನಪೇ ಇಲ್ಲ. ಕೆನ್ನೆಗೆ ಬಾರಿಸಬೇಕೆನಿಸಿತು. ಯಾರ ಕೆನ್ನೆಗೆ? ಮೊದಲು ನನ್ನದಕ್ಕೆ.

ನೀನು ಈಗಿರುವ ಎಂಬಕಸಿಯ ಮನೆಗೆ ಹೋದವರೊಬ್ಬರು ತುಳಸಿ ಸಸಿ ಕೊಟ್ಟರೆ ನೀನು ಕೈ ಹಿಂದಕ್ಕೆಳೆದುಕೊಂಡೆಯಂತೆ. "ಬೇಡ, ನನ್ನ ಕೈಗೆ ಗಿಡ ಹತ್ತಲ್ಲ" ಎಂದೆಯಂತೆ. ಅವರು ನಂಬಿದ್ದು ಹಾಳಾಗಲಿ. ನೀನೂ ನಂಬಿಬಿಟ್ಟೆಯಲ್ಲ!

ಈ ಶುಕ್ರವಾರ ಮತ್ತೆ ಎಲ್ಲರೂ ಸೇರುತ್ತಾರೆ. ಯಾರೂ ಕುಂಕುಮದ ಬಟ್ಟಲು ಮುಟ್ಟುವ ಮೊದಲು ಹೇಳುತ್ತೇನೆ — ಆ ಗಿಡವನ್ನು ವರ್ಷ ವರ್ಷ ಬರುತ್ತದೆಂದು ಯಾರು ಮಾರಿದರೂ ಕೊಳ್ಳಬೇಡಿ; ನನ್ನವೂ ಸತ್ತವು, ಕಿತ್ತೆಸೆದು ಸುದ್ದಿ ಮುಚ್ಚಿಟ್ಟವಳು ನಾನು. ನಗುವವರು ನಗಲಿ, ಎದ್ದು ಹೋಗುವವರು ಹೋಗಲಿ.

ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕ್ಷಮಿಸಲೂ ಬೇಡ.