ಮಣ್ಣು ನಮ್ಮದು, ಮರ ಅವರದು

ನಮ್ಮ ಯಜಮಾನರು ಕೋಲಾರದ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಅವರ ಅಕ್ಷರ ನೋಡುವುದಕ್ಕೆಂದೇ ಪಕ್ಕದ ಅಂಗಡಿಯವರು ಬರುತ್ತಿದ್ದರಂತೆ. ಇದು ಅವರು ಹೇಳಿಕೊಂಡದ್ದಲ್ಲ, ಅಂಗಡಿಯ ಸಾಹುಕಾರರ ಹೆಂಡತಿ ನನಗೆ ಹೇಳಿದ್ದು. ಅಂಥವರು ಒಂದು ಸಂಜೆ ಮನೆಗೆ ಬಂದು, ಕಾಲು ತೊಳೆದುಕೊಂಡು, ದೇವರ ಮುಂದೆ ನಿಂತು, "ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ ಕಣೇ, ನಿನಗೂ ಕಾಣ್ತದಾ?" ಎಂದು ಕೇಳಿದರು. ನನಗೇನೂ ಕಾಣಲಿಲ್ಲ. ಎಣ್ಣೆಯಲ್ಲಿ ಏನೋ ಬೆರಕೆ ಇರಬೇಕೆಂದು ಬತ್ತಿ ಬದಲಾಯಿಸಿದೆ.

ಬೆಂಗಳೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದೂ ನಿಧಾನವಾಗಿ ಹೋಗುತ್ತದೆ ಎಂದರು. ನಿಧಾನವಾಗಿ ಎಂದರಲ್ಲ, ಆ ಒಂದು ಮಾತನ್ನೇ ದೇವರ ದಯೆಯೆಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಜವಳಿ ಅಂಗಡಿಯ ಕೆಲಸಕ್ಕೆ ಪಿಂಚಣಿ ಎಲ್ಲಿಯದು? ನಮಗೆ ಮಕ್ಕಳಿರಲಿಲ್ಲ. ಕಣ್ಣು ಹೋಗುವುದರೊಳಗೆ, ಕಣ್ಣಿಲ್ಲದೆಯೂ ನಡೆಯುವಂಥ ಒಂದು ವರಮಾನ ಬೇಕಿತ್ತು.

ದಾರಿ ಹೇಳಿಕೊಟ್ಟವರು ನಮ್ಮ ಮನೆಯ ಒಡತಿ. ಗಂಡ ತೀರಿಕೊಂಡ ಮೇಲೆ ಆಕೆ ಬದುಕಿದ್ದೇ ನಾವಿದ್ದ ಸಾಲಿನ ನಾಲ್ಕು ಮನೆಗಳ ಬಾಡಿಗೆಯಲ್ಲಿ. ಒರಳಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನನ್ನ ದೋಸೆ ಹಿಟ್ಟು ಹದವಾಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ಮುಟ್ಟಿ ನೋಡುತ್ತಾ ಹೇಳಿದರು.

"ಹಸು ಕಟ್ಟಿದ್ರೆ ಹುಲ್ಲು ಹಾಕ್ಬೇಕು, ಸಗಣಿ ಬಾಚ್ಬೇಕು. ಮನೆ ಅನ್ನೋ ಹಸು ನೋಡು, ತಿಂಗಳು ಹುಟ್ತಿದ್ದಂಗೆ ತಾನೇ ಬಂದು ಹಾಲು ಕೊಡ್ತದೆ. ನಿನ್ನ ಗಂಡನ ಕಣ್ಣಿರೋವಾಗ್ಲೇ ಎಲ್ಲಾದ್ರೂ ಒಂದು ಜಾಗ ಹಿಡ್ಕೊಳ್ರಮ್ಮ."

"ನಮ್ಮಂಥೋರಿಗೆ ಅದೆಲ್ಲ ಎಲ್ಲಿ ಅಮ್ಮಣ್ಣಿ?"

"ಮತ್ತೆ ನಾನೇನು ದಿವಾನರ ಮಗಳಾ? ನಿನ್ನ ಹಿಟ್ಟು ಇನ್ನೂ ತರಿ ಇದೆ, ತಿರುವು."

ನನ್ನ ತವರು ಮಾಲೂರು. ಮದುವೆಯಲ್ಲಿ ನನ್ನ ತಂದೆ ಅರಿಶಿನ ಕುಂಕುಮಕ್ಕೆಂದು ಒಂದು ತುಂಡು ಹೊಲವನ್ನು ನನ್ನ ಹೆಸರಿಗೆ ಕೊಟ್ಟಿದ್ದರು. ಅದರಿಂದ ವರ್ಷಕ್ಕೆ ಒಂದಿಷ್ಟು ರಾಗಿ, ಹುರುಳಿ ಬರುತ್ತಿತ್ತು. ಅದನ್ನು ನನ್ನ ಅಣ್ಣನಿಗೇ ಮಾರಿದೆ. ಹೊಲ ಹೊರಗಿನವರ ಪಾಲಾಗಲಿಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಜಾಗ ತೋರಿಸಿದವನು ಶ್ರೀನಿವಾಸಪುರದ ಒಬ್ಬ ದಲ್ಲಾಳಿ. ಮಗಳ ಮದುವೆಗೆ ಜವಳಿ ತೆಗೆಯಲು ಅಂಗಡಿಗೆ ಬಂದವನು ನಮ್ಮವರ ಮನಸ್ಸನ್ನು ತಿಳಿದುಕೊಂಡಿದ್ದ. ಅರ್ಧ ಕನ್ನಡ, ಅರ್ಧ ತೆಲುಗು. ಮುಳಬಾಗಿಲಿನ ಆಚೆ ರಸ್ತೆಯ ಪಕ್ಕದಲ್ಲೇ ಜಾಗ ಎಂದ. "ತಿರುಪತಿ ದಾರಿ ಸ್ವಾಮಿ. ಬರೋ ಬಸ್ಸು, ಹೋಗೋ ಬಸ್ಸು. ಮುಂದೊಂದು ಅಂಗಡಿ, ಹಿಂದೆ ಎರಡು ರೂಮು ಹಾಕಿ. ಯಾತ್ರೆಗೆ ಹೋಗೋರು ತಂಗ್ತಾರೆ. ಪುಣ್ಯಕ್ಕೆ ಪುಣ್ಯ, ಬಾಡಿಗೆಗೆ ಬಾಡಿಗೆ." ಪುಣ್ಯದ ಮಾತು ನನಗೆ ನಾಟಿತು, ಬಾಡಿಗೆಯದು ಅವರಿಗೆ.

ನೋಡಲು ಹೋದ ದಿನ ಸುಡು ಬಿಸಿಲು. ಬಿಸಿಲಿಗೆ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಜಾಗದ ನಟ್ಟನಡುವೆ ದೊಡ್ಡದೊಂದು ಹುಣಸೆ ಮರ. ಅದರ ಕೆಳಗೆ ಹೋಗಿ ಕೂತರು, ಕಣ್ಣು ಬಿಟ್ಟರು, ಮುಖ ಸಡಿಲವಾಯಿತು. "ಇಲ್ಲಿ ಹಿತವಾಗಿದೆ ಕಣೇ" ಎಂದರು. ದಲ್ಲಾಳಿ ಕೂಡಲೇ, "ನೆರಳು ಬಿಟ್ಟಿ ಸ್ವಾಮಿ, ಅದಕ್ಕೆ ಕಾಸಿಲ್ಲ" ಎಂದು ನಕ್ಕ. ನಾವೂ ನಕ್ಕೆವು.

ನಮ್ಮವರು ಲೆಕ್ಕದ ಮನುಷ್ಯರು, ಕಣ್ಣು ಮುಚ್ಚಿಕೊಂಡು ಕೊಳ್ಳಲಿಲ್ಲ. ನಾಲ್ಕು ದಿಕ್ಕಿನ ಚಕ್ಕುಬಂದಿ ಕೇಳಿದರು. ಹಗ್ಗ ಹಿಡಿದು ಅಳೆಸಿದರು. ಕಂದಾಯ ಬಾಕಿ ಇದೆಯೇ, ಅಣ್ಣತಮ್ಮಂದಿರ ತಕರಾರಿದೆಯೇ ಎಂದು ವಿಚಾರಿಸಿದರು. ಮಾರುತ್ತಿದ್ದವನು ಒಬ್ಬನೇ ಮಗ, ತಕರಾರು ಇರಲಿಲ್ಲ. ಪತ್ರದಲ್ಲಿ ಮರದ ಮಾತೇ ಇರಲಿಲ್ಲ. ನೆಲ ಕೊಂಡರೆ ನೆಲದ ಮೇಲಿನದೂ ಬಂತು ಎಂಬುದು ಪೇಟೆಯವರಾದ ನಮ್ಮ ತಿಳಿವಳಿಕೆ. ಅವರ ಹೆಸರಿಗೆ ರಿಜಿಸ್ಟ್ರಿಯಾದ ದಿನ ಬೆಟ್ಟದ ಬುಡದ ಆಂಜನೇಯನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿದೆವು. ಕಾಯಿ ಚೆನ್ನಾಗಿ ಒಡೆದಿತ್ತು.

ಶಿವರಾತ್ರಿ ಕಳೆದ ಮೇಲೆ ಗುದ್ದಲಿ ಪೂಜೆಗೆಂದು ಮೇಸ್ತ್ರಿಯನ್ನು ಕರೆದುಕೊಂಡು ಹೋದೆವು. ದೂರದಿಂದಲೇ ಮರದ ಮೇಲೆ ಜನ ಕಂಡರು. ನಾಲ್ಕೈದು ಗಂಡಸರು ಗಳ ಹಿಡಿದು ಹುಣಸೆ ಬಡಿಯುತ್ತಿದ್ದರು. ಕೆಳಗೆ ಹೆಂಗಸರು ರಾಶಿ ಮಾಡುತ್ತಿದ್ದರು. ನಮ್ಮ ಜಾಗದಲ್ಲಿ ಒಲೆ ಹೂಡಿ ಮುದ್ದೆಗೆ ಎಸರು ಇಟ್ಟಿದ್ದರು.

ನಾನು ಕೋಪದಿಂದಲೇ ಹೋದೆ. "ಯಾರಮ್ಮ ನೀವು? ಕೇಳದೆ ಮಾಡದೆ ಬಡೀತಿದೀರಲ್ಲ?"

ರಾಶಿಯ ಮುಂದೆ ಕೂತಿದ್ದ ಮುದುಕಿ ತಲೆ ಎತ್ತಿ, ನನ್ನ ಪೂಜೆಯ ಬುಟ್ಟಿ ನೋಡಿ, ಸೆರಗು ಹೊದ್ದುಕೊಂಡು ಎದ್ದಳು. "ಓ, ಜಾಗ ಕೊಂಡೋರಾ? ಬಾ ತಾಯಿ, ಕೂತ್ಕೊ. ಏ, ಚೊಂಬು ನೀರು ತಾ ಲೇ."

"ನೀರಿರ್ಲಿ. ಮರ ಯಾಕೆ ಬಡೀತಿದೀರಿ?"

"ಮರ ನಮ್ದಲ್ವಾ ಅದಕ್ಕೆ."

"ಜಾಗ ನಾವು ಕೊಂಡಿದೀವಿ."

"ಕೊಂಡಿದೀರಿ ತಾಯಿ, ಯಾರು ಇಲ್ಲ ಅಂದ್ರು? ಮಣ್ಣು ನಿಮ್ದು, ಮರ ನಮ್ದು. ನಮ್ಮ ಮಾವನೋರ ಅಪ್ಪ ಹೊಲ ಮಾರಿದ್ರು, ಮರ ಇಟ್ಕೊಂಡ್ರು. ಆಗಿಂದ ಮಣ್ಣು ಮೂರು ಕೈ ಬದಲಾಯ್ತು, ಮರ ಎಲ್ಲೂ ಹೋಗ್ಲಿಲ್ಲ. ಊರಿಗೆಲ್ಲ ಗೊತ್ತು."

"ನಮಗೆ ಯಾರೂ ಹೇಳ್ಲಿಲ್ಲ."

"ನೀವು ಯಾರನ್ನೂ ಕೇಳ್ಲಿಲ್ಲ" ಎಂದಳು, ಚುಚ್ಚಿ ಹೇಳಿದ ಮಾತಲ್ಲ, ಇದ್ದದ್ದನ್ನು ಹೇಳಿದಂತೆ. ಹೊರಡುವಾಗ ನನ್ನ ಬುಟ್ಟಿ ತುಂಬ ಹುಣಸೆಕಾಯಿ ಸುರಿದಳು. ಆ ವರ್ಷ ಮನೆಗೆ ಹುಣಸೆ ಕೊಳ್ಳಲಿಲ್ಲ, ಅದನ್ನು ಅಲ್ಲಗಳೆಯಲಾರೆ.

ದಲ್ಲಾಳಿಯನ್ನು ಹಿಡಿದು ಕೇಳಿದರೆ ಅವನು ಹೆಗಲ ಟವಲು ಕೊಡವಿದ. "ಪೂರ್ವ ಯಾರ್ದು, ಪಶ್ಚಿಮ ಯಾರ್ದು ಅಂತ ಕೇಳಿದ್ರಿ, ಹೇಳ್ದೆ. ಮೇಲೆ ಯಾರ್ದು ಅಂತ ಕೇಳಿದ್ರಾ ಸ್ವಾಮಿ?" ವಕೀಲರ ಹತ್ತಿರವೂ ಹೋದೆವು. ಈ ಸೀಮೆಯಲ್ಲಿ ಮರದ ಹಕ್ಕು ಬೇರೆ ಇರುವುದು ಹೊಸದಲ್ಲ, ಕಾಯಿ ಬಡಿಯಲು, ಒಣಗಿಸಲು ಅವರು ನೆಲಕ್ಕೆ ಬರುವುದನ್ನೂ ತಡೆಯಲಾಗುವುದಿಲ್ಲ, ದಾವೆ ಹೂಡಿದರೆ ನಿಮ್ಮ ಕಾಲಕ್ಕೆ ಮುಗಿಯುವುದಿಲ್ಲ ಎಂದರು. ನಮಗೆ ಇದ್ದದ್ದೇ ಕಾಲದ ಅಭಾವ.

ಮರ ಬಿಟ್ಟು ಕಟ್ಟಬಹುದೇ ಎಂದು ಮೇಸ್ತ್ರಿಯನ್ನು ಕೇಳಿದರೆ, ಅವನು ಬೇರು ಹೋದ ದಿಕ್ಕನ್ನೆಲ್ಲ ಕಾಲಲ್ಲಿ ತೋರಿಸಿ, "ಪಾಯಾನ ಎತ್ತಿ ಎಸೀತದೆ ಸ್ವಾಮಿ. ಉಳಿಯೋ ಮೂಲೇಲಿ ಮೇಕೆ ಕಟ್ಟಬಹುದು" ಎಂದ.

ಉಳಿದದ್ದು ಒಂದೇ ದಾರಿ, ಮರವನ್ನೂ ಕೊಳ್ಳುವುದು. ಮರ ಮೂವರ ಪಾಲಿನದು. ಆ ಮುದುಕಿಯ ಗಂಡ, ಅವನ ತಮ್ಮ, ಇಬ್ಬರಿಗೆ ಉತ್ತರದ, ಪಶ್ಚಿಮದ ಕೊಂಬೆಗಳು. ಪೂರ್ವದ ದೊಡ್ಡ ಕೊಂಬೆ ಪುಂಗನೂರಿಗೆ ಕೊಟ್ಟ ಅವರ ತಂಗಿಯದು. ಅಣ್ಣತಮ್ಮಂದಿರು ವೀಳ್ಯದೆಲೆ ಮೆಲ್ಲುತ್ತಾ ಒಪ್ಪಿದರು. "ತಂಗೀನ ನೀವೇ ಕೇಳ್ಕೊಳ್ಳಿ. ಬಡಿಯೋ ಹೊತ್ತಿಗೆ ಬರ್ತಾಳೆ." ಅಂದರೆ ಮುಂದಿನ ವರ್ಷ. ಅಷ್ಟರಲ್ಲಿ ನಮ್ಮವರು ಸಣ್ಣ ಅಂಕಿಗಳನ್ನು ಹಗಲು ಬೆಳಕಲ್ಲಿ ಮಾತ್ರ ಬರೆಯುವಂತಾಗಿದ್ದರು. ಇನ್ನೂ ಬರೆಯುತ್ತಿದ್ದರು, ಅಷ್ಟಕ್ಕೆ ಶುಕ್ರವಾರ ಶುಕ್ರವಾರ ತುಪ್ಪದ ದೀಪ ಹಚ್ಚುತ್ತಿದ್ದೆ.

ಮುಂದಿನ ವರ್ಷ ಆಕೆ ಬಂದಿದ್ದಳು. ನನ್ನ ವಯಸ್ಸಿನವಳೇ. ತನ್ನ ಕೊಂಬೆಯ ಕಾಯಿಯನ್ನು ಬೇರೆಯಾಗಿ ರಾಶಿ ಮಾಡಿಕೊಂಡು ಕೂತಿದ್ದಳು. ನಮ್ಮವರು ನನ್ನ ಕಿವಿಯಲ್ಲಿ, "ನೀನೇ ಹೇಳು, ಹೆಂಗಸರ ಮಾತು ಹೆಂಗಸರಿಗೆ ನಾಟ್ತದೆ" ಎಂದರು. ಪಕ್ಕದಲ್ಲಿ ಕೂತು, ನಾರು ಬಿಡಿಸುತ್ತಾ, ನಮ್ಮವರ ಕಣ್ಣಿನ ವಿಷಯ, ಬಾಡಿಗೆಯ ಆಸೆ ಎಲ್ಲ ಹೇಳಿದೆ. ಆಕೆ ಕೇಳಿದಳು. ಕಣ್ಣಿನ ಮಾತು ಬಂದಾಗ "ಅಯ್ಯೋ ರಾಮಾ" ಎಂದು ಕೈ ನಿಲ್ಲಿಸಿದಳು. ಆಮೇಲೆ ಹೇಳಿದಳು.

"ಅಕ್ಕಾ, ಅಪ್ಪ ಹೋದ್ಮೇಲೆ ತವರಲ್ಲಿ ನನಗೆ ಅಂತ ಉಳ್ದಿರೋದು ಈ ಕೊಂಬೆ ಒಂದೇ. ಇದಿರೋದ್ರಿಂದ ವರ್ಷಕ್ಕೊಂದು ಸಲ ಬರ್ತೀನಿ, ನಾಲ್ಕು ದಿನ ಇರ್ತೀನಿ. ಅತ್ತಿಗೆ ಮುಖ ಗಂಟು ಹಾಕ್ಕೊಂಡ್ರೂ ಅನ್ನ ಹಾಕ್ತಾಳೆ. ಕೊಂಬೆ ಕೊಟ್ಬಿಟ್ರೆ ನಾನು ಏನಂತ ಬರ್ಲಿ?"

ಮುದುಕಿ ಅತ್ತ ಕಡೆಯಿಂದ, "ನನ್ನ ಮುಖ ಹುಟ್ಟಿದಾಗಿಂದ ಹಿಂಗೇ ಕಣೇ" ಎಂದಳು. ಎಲ್ಲರೂ ನಕ್ಕರು.

ನನಗೆ ಮಾಲೂರಿನ ನೆನಪಾಯಿತು. ಹೊಲ ಮಾರಿದ ಮೇಲೆ ಸುಗ್ಗಿಗೆ ಬಾ ಎಂದು ಅಣ್ಣ ಕರೆಕಳಿಸಿರಲಿಲ್ಲ. ಯಾಕೆ ಕಳಿಸಬೇಕು? ನನ್ನ ಪಾಲಿನ ಸುಗ್ಗಿ ಅಲ್ಲಿರಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಆಕೆಯ ರಾಶಿಗೆ ಹಾಕಿ ಎದ್ದೆ. ನಮ್ಮವರು ಬಸ್ಸಿನಲ್ಲಿ ಕೇಳಿದರು, "ಇನ್ನೂ ಸ್ವಲ್ಪ ಬಲವಂತ ಮಾಡಬಹುದಿತ್ತಲ್ಲ?" "ಆಗ್ಲಿಲ್ಲ ಕಣ್ರೀ" ಎಂದೆ. ಆಕೆಯ ಮಾತನ್ನು ಹಾಗೆಯೇ ಹೇಳಿದೆ. ಮರ ಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಯುದ್ಧ ಬಂತು. ಸೀಮೆಎಣ್ಣೆಗೂ ಸಾಲು ನಿಲ್ಲುವ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಲ್ಲೇ ಓಡಿಸುತ್ತಿದ್ದರು. ದಿಣ್ಣೆ ಬಂದರೆ ನಾವೇ ಇಳಿದು ನಡೆಯಬೇಕು. ಒಬ್ಬ ಬಸ್ಸಿನವನು ಇದ್ದಿಲು ಕೂಡಿಡಲು ನಮ್ಮ ಜಾಗವನ್ನು ಬಾಡಿಗೆಗೆ ಕೇಳಿದ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಡತಿಗೆ ಆಗಲೇ ಹೇಳಿಬಿಟ್ಟೆ. ಮರದವರು, "ಕಾಯಿ ಒಣಗ್ಸೋ ಕಣದಲ್ಲಿ ಮಸಿಯಾದ್ರೆ ನಮ್ಮ ಹುಣಸೆ ಯಾರು ಕೊಳ್ತಾರೆ?" ಎಂದರು. ಅದೂ ನ್ಯಾಯವೇ. ಆಮೇಲೊಬ್ಬ ಮೂಲೆಯಲ್ಲಿ ಸೋಗೆ ಹೊದಿಸಿ ಕಾಫಿ ಹೋಟೆಲು ಇಟ್ಟ. ಎರಡು ತಿಂಗಳು ಬಾಡಿಗೆ ತಪ್ಪದೆ ಬಂತು. ಆ ಕಾಸಿನಲ್ಲಿ ಮೊದಲ ಸಲ ದೇವರಿಗೆ ಪಂಚಾಮೃತ ಮಾಡಿಸಿದೆ. ಬಸ್ಸುಗಳು ಇನ್ನೂ ಕಡಿಮೆಯಾದವು, ಹೋಟೆಲಿನವನು ಹೇಳದೆ ಹೋದ. ಸೋಗೆಯನ್ನು ಗಾಳಿ ಕೊಂಡುಹೋಯಿತು.

ಒಡತಿ ಮಾತ್ರ ಬಿಡುತ್ತಿರಲಿಲ್ಲ. "ಏನಮ್ಮ, ನಿನ್ನ ಹಸು ಹಾಲು ಕೊಡ್ತಾ?" ಎನ್ನುವರು. ಹಾಗೆಂದವರೇ ಎರಡು ಸಲ ನಮ್ಮ ಬಾಡಿಗೆ ತಡವಾದಾಗ ಕೇಳಲಿಲ್ಲ.

ಒಂದು ದಿನ ಸಾಹುಕಾರರು ತಾವೇ ಮನೆಗೆ ಬಂದರು. ನಮ್ಮವರು ಬರೆದ ಸಾಲಿನ ಮೇಲೆಯೇ ಮತ್ತೊಂದು ಸಾಲು ಬರೆದಿದ್ದರಂತೆ, ಒಂದು ಪುಟ ಪೂರ್ತಿ. ಸಾಹುಕಾರರು ಒಳ್ಳೆಯವರು, ಬೈಯಲಿಲ್ಲ. "ನೀವು ಸುಮ್ನೆ ಅಂಗಡಿಗೆ ಬಂದು ಕೂತ್ಕೊಳ್ಳಿ, ನನಗೊಂದು ಧೈರ್ಯ" ಎಂದರು. ಸ್ವಲ್ಪ ದಿನ ಹೋದರು. ಕೆಲಸವಿಲ್ಲದೆ ಸಂಬಳ ತೆಗೆದುಕೊಳ್ಳಲು ಅವರಿಂದ ಆಗಲಿಲ್ಲ, ತಾವೇ ಬಿಟ್ಟರು.

ಜಾಗ ಮಾರುವುದೆಂದಾಯಿತು. ಮರದ ಕಥೆ ಗೊತ್ತಿದ್ದವರು ಯಾರು ಕೊಳ್ಳುತ್ತಾರೆ? ಗೊತ್ತಿಲ್ಲದವರನ್ನು ಹುಡುಕಿಕೊಡುತ್ತೇನೆ ಎಂದು ಆ ದಲ್ಲಾಳಿ ಬಂದಿದ್ದ. ನಮ್ಮವರು, "ನಮ್ಮ ಥರದವರು ಇನ್ನೊಬ್ಬರು ಬೇಡಪ್ಪ" ಎಂದು ಕಳಿಸಿಬಿಟ್ಟರು. ಕಡೆಗೆ ಮರದವರಲ್ಲಿ ಹಿರಿಯಣ್ಣನೇ ಕೊಂಡ. ಅವನು ಹೇಳಿದ್ದೇ ಬೆಲೆ, ನಾವು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ.

ಮುಳಬಾಗಿಲಿನ ರಿಜಿಸ್ಟ್ರಿ ಕಚೇರಿಗೆ ನಮ್ಮವರ ಕೈ ಹಿಡಿದುಕೊಂಡು ಹೋದೆ. ಆ ಹೊತ್ತಿಗೆ ಅವರಿಗೆ ಬಾಗಿಲಿನ ಬೆಳಕು ಮಾತ್ರ ತಿಳಿಯುತ್ತಿತ್ತು. ಪತ್ರ ಬರೆಯುವವನು ಅವರನ್ನು ನೋಡಿ, "ಹೆಬ್ಬೆಟ್ಟು ಒತ್ತಿಸಿಬಿಡೋಣಮ್ಮ" ಎಂದು ಮಸಿಯ ತಟ್ಟೆ ಎಳೆದ.

"ನಾನು ಅಕ್ಷರ ಬಲ್ಲೋನು" ಎಂದರು ನಮ್ಮವರು. "ಜಾಗ ತೋರಿಸೇ."

ಅವರ ಬೆರಳನ್ನು ಹಿಡಿದು ಸಹಿಯ ಜಾಗದಲ್ಲಿ ಇಟ್ಟೆ. ಮೊದಲ ಎರಡು ಅಕ್ಷರ ಹಿಂದಿನ ಹಾಗೆಯೇ ಬಂದವು, ಮುತ್ತಿನ ಹಾಗೆ. ಆಮೇಲೆ ಕೈ ಮೇಲಕ್ಕೆ ಏರಿತು. ಉಳಿದ ಹೆಸರೆಲ್ಲ ಪತ್ರದ ಬರಹದ ಮೇಲೆ ಹೋಗಿ ಕೂತಿತು. ಬರೆಯುವವನು ಅದನ್ನು ಸಾಹೇಬರಿಗೆ ತೋರಿಸಿ ಬಂದು, ತಗ್ಗಿದ ದನಿಯಲ್ಲಿ, "ಹಳೇ ಸಹಿಗೆ ಹೊಂದೋದಿಲ್ಲವಂತಮ್ಮ" ಎಂದ. ನಮ್ಮವರಿಗೆ ಕೇಳಿಸಿತು. ತಾವೇ ಕೈ ಮುಂದೆ ಚಾಚಿದರು. ಅವನು ಹೆಬ್ಬೆರಳನ್ನು ಮಸಿಯಲ್ಲಿ ಹೊರಳಿಸಿ ಕಾಗದಕ್ಕೆ ಒತ್ತಿದ.

ಹೊರಗಿನ ಜಗಲಿಯ ಮೇಲೆ ಕೂರಿಸಿ, ಸೆರಗಿನ ತುದಿಯನ್ನು ನೀರಲ್ಲಿ ನೆನೆಸಿ ಬೆರಳು ಉಜ್ಜಿದೆ.

"ಹೋಯ್ತಾ?" ಎಂದು ಕೇಳಿದರು.

"ಹೋಯ್ತು" ಎಂದೆ.

ಹೋಗಿರಲಿಲ್ಲ. ಕೋಲಾರದ ಬಸ್ಸು ಹೊಗೆ ಬಿಡುತ್ತಾ ನಿಂತಿತ್ತು. ಅವರ ಕೈಯನ್ನು ನನ್ನ ಸೆರಗಿನೊಳಗೆ ಹಿಡಿದುಕೊಂಡು ಹತ್ತಿಸಿದೆ. ಕಿಟಕಿಯ ಪಕ್ಕ ಒಂದು ಜಾಗ ಖಾಲಿ ಇತ್ತು, ಬೆಳಕಾದರೂ ತಿಳಿಯಲೆಂದು ಅವರನ್ನು ಅಲ್ಲಿ ಕೂರಿಸಿದೆ.