ರಫೂ ಅಕ್ಕನ ಹೆಬ್ಬೆರಳ ಉಗುರು

ರಫೂ ಅಕ್ಕನ ಅಜ್ಜ, ನ್ಯಾಯಾಧೀಶರೊಬ್ಬರ ಕರಿ ಕೋಟಿನ ಮೇಲೆ ಚುಟ್ಟಾ ಕಿಡಿ ಸುಟ್ಟ ತೂತನ್ನು ಹೇಗೆ ಮುಚ್ಚಿದನೆಂದರೆ, ಎಲ್ಲಿತ್ತು ತೂತು ಅಂತ ಅವರೇ ತಿರುಗಿಸಿ ಮುರುಗಿಸಿ ನೋಡಿ ಸೋತರು. ಅವ್ವನೋ, ಮದುಮಗಳ ಇಲಿ ಕಡಿದ ರೇಷ್ಮೆ ಉಡುಪಿಗೆ ಒಂದೇ ಹಗಲಲ್ಲಿ ಎಳೆಗೆ ಎಳೆ ಕೂಡಿಸಿ ಮದುವೆ ಉಳಿಸಿದವಳು. ತೂತು ಬಿದ್ದ ಬಟ್ಟೆಗೆ ಗುರುತು ಕಾಣದಂತೆ ಎಳೆ ಕೂಡಿಸುವ ಈ ರಫೂ ಕೆಲಸವೇ ಕಸುಬಾದ ಆ ಮನೆಯವರು ಎಡ ಹೆಬ್ಬೆರಳ ಉಗುರು ಕತ್ತರಿಸುವವರಲ್ಲ. ನುಣ್ಣಗೆ ತೀಡಿ ಬೆಳೆಸುತ್ತಾರೆ. ಕೂದಲಂಥ ನೂಲುಗಳನ್ನು ಬಿಡಿಸಿ ನಡುವೆ ಸೂಜಿ ನುಗ್ಗಿಸಲು ಆ ಉಗುರೇ ಬೇಕು.

ಐವತ್ತು ದಾಟಿದ ಮೇಲೆ ಅಕ್ಕನ ಆ ಉಗುರು ಪದರ ಪದರವಾಗಿ ಸೀಳತೊಡಗಿತು. ಬೆರಳ ತುದಿ ಒಣಗಿ ಒರಟಾಗಿ, ರೇಷ್ಮೆ ಮುಟ್ಟಿದರೆ ಸಾಕು, ಎಳೆ ಕಿತ್ತು ಬರುತ್ತಿತ್ತು. ಹಿಮ್ಮಡಿ ಬಿರಿಯಿತು. ಎಲ್ಲರೂ ಬೆವರುವಾಗ ಇವಳಿಗೆ ಚಳಿ. ಸೋಪನ್ನು ಬೈದಳು, ನೀರನ್ನು ಬೈದಳು, ಕೊನೆಗೆ ಬೆರಳಿಗೆ ಎಣ್ಣೆ ಸವರಿಕೊಂಡೇ ಕೆಲಸಕ್ಕೆ ಕೂತಳು. ಗಿರಾಕಿಯ ಬಿಳಿ ಅಂಗಿಯ ಎದೆ ಮೇಲೆ ಎಣ್ಣೆ ಗುರುತು ಮೂಡಿತು!

ಪಕ್ಕದ ಇಸ್ತ್ರಿ ಅಂಗಡಿಯವನು ಅವಳ ತಮ್ಮನೇ. ಅಂಗಿ ಎತ್ತಿ ಹಿಡಿದ.

"ಏನಕ್ಕಾ, ರಫೂ ಮಾಡಿದ್ಯೋ, ಹೆಬ್ಬೆಟ್ಟು ಒತ್ತಿದ್ಯೋ?"

"ನಿನ್ನ ಇಸ್ತ್ರಿಗಿಂತ ನಿನ್ನ ಬಾಯೇ ಜಾಸ್ತಿ ಸುಡುತ್ತೆ ಕಣೋ," ಎಂದಳು. ಆದರೆ ಇನ್ನು ರೇಷ್ಮೆ ಕೆಲಸ ತನ್ನ ಕೈ ಬಿಟ್ಟಂತೆಯೇ ಎಂದು ಒಳಗೊಳಗೇ ಕುಗ್ಗಿದ್ದಳು. ತಮ್ಮ ಅವಳನ್ನು ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋದ.

ಡಾಕ್ಟರಮ್ಮ ತಣ್ಣಗಿದ್ದ ಅಂಗೈ ಹಿಡಿದರು, ತುದಿ ತೆಳುವಾದ ಹುಬ್ಬು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

"ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ ಅಮ್ಮ. ಅದಕ್ಕೇ ಚರ್ಮ ಒಣಗೋದು, ಉಗುರು ಸೀಳೋದು. ದಿನಾ ಬೆಳಿಗ್ಗೆ ಬರೀ ಹೊಟ್ಟೇಲಿ ಒಂದು ಮಾತ್ರೆ ತಗೊಳ್ಳಿ."

"ಉಗುರು?"

"ಬುಡದಿಂದ ಹೊಸದಾಗಿ ಬೆಳೀಬೇಕು. ಆರು ತಿಂಗಳಾದ್ರೂ ಬೇಕು."

ಅಷ್ಟೂ ದಿನ ಅಕ್ಕ ರೇಷ್ಮೆ ಮುಟ್ಟಲಿಲ್ಲ. ದಪ್ಪ ಕಂಬಳಿ, ಕೋಟುಗಳಷ್ಟೇ. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಮೊದಲು ಬೆರಳು ಮೆತ್ತಗಾದವು. ಆಮೇಲೆ ಉಗುರಿನ ಬುಡದಲ್ಲಿ ನಯವಾದ ಅಂಚು ಇಣುಕಿ, ತಿಂಗಳಿಗೊಂದು ಬೆಂಕಿಕಡ್ಡಿಯ ದಪ್ಪದಷ್ಟು ಮೇಲೇರಿತು.

ಏಳನೇ ತಿಂಗಳು ನುಸಿ ತಿಂದ ರೇಷ್ಮೆ ಶಾಲೊಂದು ಬಂತು. ತಮ್ಮ ಸಣ್ಣ ಚಿಮಟ ಹಿಡಿದು ಓಡಿಬಂದ.

"ಹೊಸ ಉಗುರು, ನಂಬೋ ಹಾಗಿಲ್ಲ. ಎಳೆ ನಾನು ಹಿಡ್ಕೊಳ್ತೀನಿ, ಸೂಜಿ ನೀನು ಹಾಕಕ್ಕಾ."

ಅಕ್ಕ ಶಾಲಿನ ಮೇಲೆ ಬೆರಳಾಡಿಸಿದಳು. ಒಂದೆಳೆಯೂ ತೊಡರಲಿಲ್ಲ. ಉಗುರು ಊರಿದಳು, ನೂಲು ಎರಡಾಗಿ ದಾರಿ ಬಿಟ್ಟಿತು.

"ಚಿಮಟ ಒಳಗಿಡು ಮಾರಾಯ. ನನ್ನ ಎಳೆ ನಾನೇ ಹಿಡೀತೀನಿ. ನೀನು ಬೆಳಕಿಗೆ ಅಡ್ಡ ನಿಂತಿದ್ದೀಯ, ಸರಿ ಅತ್ಲಾಗೆ."