ಮೀಸೆಯಿದ್ದ ಸವತಿ

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಯಾವುದೋ ಕುಣಿತಕ್ಕೆಂದು ಅವಳ ಮುಖಕ್ಕೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಬಣ್ಣ ಬಳಿದು ಕಳಿಸಿದ್ದರು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಅವಳ ಕೆನ್ನೆಗೆ ಹಚ್ಚಿ ಒರೆಸತೊಡಗಿದೆ. ಬಣ್ಣ ಎಣ್ಣೆಯಲ್ಲಿ ಕರಗಿ ಒಂದು ವಾಸನೆ ಎದ್ದಿತು ನೋಡಿ... ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

"ಒರ್ಸಜ್ಜಿ, ಉರೀತೈತೆ" ಅಂದಳು ಮಗು. ಒರೆಸಿದೆ. ಮನಸ್ಸು ಮಾತ್ರ ಆಗಲೇ ನಲವತ್ತು ವರ್ಷ ಹಿಂದಕ್ಕೆ ಹೋಗಿ ನನ್ನ ಸವತಿಯ ಮುಂದೆ ನಿಂತಿತ್ತು.

ಮಣ್ಣಿನ ಸವತಿಯಾದರೂ ಮತ್ಸರ ಬಿಡದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಸವತಿ ಮಣ್ಣಿನವಳಾಗಿದ್ದರೆ ಒಂದು ದಿನ ಎತ್ತಿ ಬಾವಿಗೆ ಹಾಕುತ್ತಿದ್ದೆನೋ ಏನೋ. ನನ್ನ ಸವತಿಗೆ ಮೀಸೆ ಇತ್ತು. ಪಕ್ಕದ ತೋಟದವರು. ಹೆಂಡತಿ ಮಕ್ಕಳಿದ್ದವರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಕುಕ್ಕಿ ಮಟ್ಟೆ ಸುಲಿದ ತೋಳು, ಒಂದೊಂದೂ ಒನಕೆಯಷ್ಟು ದಪ್ಪ. ಅಂಥ ತೋಳಿಗೆ ಬಳೆ ತೊಡಿಸಿ ನಮ್ಮೂರಿನವರು ಅವರನ್ನು ರಾಣಿ ಮಾಡಿದ್ದರು.

ನಮ್ಮ ತಿಪಟೂರು ಸೀಮೆಯಲ್ಲಿ ಆಗೆಲ್ಲ ಮೂಡಲಪಾಯದ ಬಯಲಾಟವೆಂದರೆ ಜನ ಪ್ರಾಣ ಬಿಡುತ್ತಿದ್ದರು. ನಮ್ಮೂರ ಭಾಗವತರು ತಾವೇ ಒಂದು ಆಟ ಕಟ್ಟಿದ್ದರು. ಅದಕ್ಕೆ ಉದ್ದದ ಹೆಸರೊಂದು ಇತ್ತು, ಜನರ ಬಾಯಲ್ಲಿ ಮಾತ್ರ ಅದು 'ರಾಣಿ ಆಟ'. ರಾಜ ಯುದ್ಧಕ್ಕೆ ಹೊರಡುತ್ತಾನೆ, ರಾಣಿ ಬಿಡುವುದಿಲ್ಲ. ಅವಳು ತಡೆಯುವುದು, ಅವನು ಸಮಾಧಾನ ಹೇಳುವುದು, ಇಬ್ಬರೂ ಗೆಜ್ಜೆ ಕಟ್ಟಿ ಕುಣಿಯುವುದು... ಅದನ್ನು ನೋಡಲು ತುರುವೇಕೆರೆ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ರಾಜ ನಮ್ಮ ಯಜಮಾನರು. ರಾಣಿ ಪಕ್ಕದ ತೋಟದವರು. ನನ್ನ ಮದುವೆಗೆ ಎಷ್ಟೋ ವರ್ಷ ಮೊದಲೇ ಕೂಡಿದ್ದ ಜೋಡಿ ಅದು. ಹಾಗಾಗಿ ಊರಿನಲ್ಲಿ ಅವರಿಗೆ 'ದೊಡ್ಡೆಂಡ್ತಿ' ಎಂದೇ ಹೆಸರು ಬಿದ್ದಿತ್ತು.

ಮದುವೆಯಾಗಿ ನಾನು ಹೊಸಿಲ ಮುಂದೆ ನಿಂತಿದ್ದೇನೆ. ಅಕ್ಕಿ ತುಂಬಿದ ಸೇರು ಒದೆಯಬೇಕು. ಅಷ್ಟರಲ್ಲಿ ಯಜಮಾನರ ಗೆಳೆಯರ ಗುಂಪು ಅಡ್ಡ ಬಂತು. "ತಡೀರ್ಲಾ, ದೊಡ್ಡೆಂಡ್ತಿ ಅಪ್ಪಣೆ ಇಲ್ದೆ ಚಿಕ್ಕೆಂಡ್ತೀನ ಒಳೀಕೆ ಬುಡಂಗಿಲ್ಲ!" ಬಾಗಿಲಲ್ಲಿ ದೊಡ್ಡೆಂಡ್ತಿ ಮೀಸೆ ತೀಡುತ್ತಾ, ಸೊಂಟದ ಮೇಲೆ ಕೈಯಿಟ್ಟು ಬಳುಕಿ ನಿಂತರು. "ಬಾ ತಂಗಿ, ಇರೋನು ಒಬ್ಬ. ಹಂಚ್ಕಂಡು ಬಾಳಾನ" ಅಂದರು. ನಮ್ಮತ್ತೆ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ಮಾತ್ರ ಅಳು ಬಂತು. ತವರು ಬಿಟ್ಟ ಅಳು ಎಂದು ಎಲ್ಲರೂ ಅಂದುಕೊಂಡರು.

ಅವತ್ತಿನಿಂದ ಅವರು ನನ್ನನ್ನು ಕರೆದದ್ದು ತಂಗಿ ಎಂದೇ. ಅಣ್ಣನಾಗಿ ಕರೆಯುತ್ತಿದ್ದರೋ ಸವತಿಯಾಗಿ ಕರೆಯುತ್ತಿದ್ದರೋ, ಅವರ ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು, ಮನೆಯಲ್ಲಿ ಯಜಮಾನರು ನಾಲ್ಕು ಮಾತಾಡಿದ್ದರೆ. ಅವರದು ಕಲ್ಲಿನ ಹಾಗೆ ಮೌನ. ಊಟಕ್ಕೆ ಬಡಿಸುತ್ತಾ ನಾನು ಮೂರು ವಿಷಯ ಹೇಳಿದರೆ ಒಂದಕ್ಕೆ 'ಹ್ಞೂಂ' ಬರುತ್ತಿತ್ತು. ಮಲಗಿದ ಮೇಲೆ ಮೆಲ್ಲಗೆ ಏನಾದರೂ ಶುರು ಮಾಡಿದರೆ ಆ ಕಡೆ ಉಸಿರಾಟ ಬಿಟ್ಟು ಬೇರೆ ಸದ್ದಿಲ್ಲ. ಅದೇ ಮನುಷ್ಯ ಕಿರೀಟವಿಟ್ಟು ಭುಜಕೀರ್ತಿ ಕಟ್ಟಿ ರಂಗಕ್ಕೆ ಬಂದರೆ ಬಾಯಿಂದ ಜೇನು ಸುರಿಯುತ್ತಿತ್ತು. ಪ್ರಾಣವಂತೆ, ಕಾಂತೆಯಂತೆ, ಬೆಳದಿಂಗಳಂತೆ! ಯಾರಿಗೆ? ಒನಕೆ ತೋಳಿನ ಆ ಪಕ್ಕದ ತೋಟದವರಿಗೆ. ಜನರೆಲ್ಲ ರಾಣಿಯನ್ನು ನೋಡಿದರೆ ನಾನು ನೋಡುತ್ತಿದ್ದದ್ದು ನನ್ನ ಗಂಡನ ಮುಖವನ್ನು. ಆ ಕಣ್ಣು ನನ್ನ ಕಡೆ ಹಾಗೆ ಯಾವತ್ತು ತಿರುಗೀತು ಎಂದು ಕಾಯುತ್ತಿದ್ದೆ. ಆಟ ಹತ್ತಿರವಾದಾಗ ದೊಡ್ಡೆಂಡ್ತಿ ಮೀಸೆ ಬೋಳಿಸುತ್ತಿದ್ದರು. ಅವರ ಮೀಸೆ ಹೋಯಿತೆಂದರೆ ನನ್ನ ನಿದ್ದೆ ಹೋಯಿತೆಂದೇ ಲೆಕ್ಕ.

ಇನ್ನೊಂದು ಉರಿ ಇತ್ತು. ಹೆಂಡತಿಯಾದವಳು ಗಂಡನ ಎಡಕ್ಕಿರಬೇಕೆಂದು ನಮ್ಮತ್ತೆ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಕೂರುವಾಗ, ನಡೆಯುವಾಗ, ಬಡಿಸಲು ನಿಲ್ಲುವಾಗ, ಮಲಗುವಾಗ ಕೂಡ ನಾನು ಎಡ ಬಿಟ್ಟವಳಲ್ಲ. ಈ ರಾಣಿ ಮಾತ್ರ ಸದಾ ರಾಜನ ಬಲಕ್ಕೇ. ಭಾಗವತರು ಎಷ್ಟು ಗದರಿದರೂ ಆ ಜೋಡಿ ತಿದ್ದಿಕೊಳ್ಳಲಿಲ್ಲ. "ಬಲಕ್ ಕೂರೋಳು ಮಗ್ಳು, ಎಡಕ್ ಕೂರೋಳು ಎಂಡ್ತಿ. ಇದ್ಯಾವ್ ಸೀಮೆ ರಾಣಿನವ್ವಾ?" ಎಂದು ಹೆಂಗಸರು ಆಡಿಕೊಳ್ಳುವರು. ಒಬ್ಬಳಂತೂ ನನ್ನ ಪಕ್ಕೆ ತಿವಿದು, "ಎಡಗಡೆ ಜಾಗ ನಿಂಗಂತ ಬುಟ್ಟವ್ಳೆ ಕಣೇ, ಪಾಪ, ಒಳ್ಳೇ ಸವ್ತಿ" ಎಂದಳು. ಅವಳ ಮಾತಿಗೆ ನಕ್ಕೆ. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ.

ಎಪ್ಪತ್ತರ ದಶಕ ಅರ್ಧವಾಗುವ ಹೊತ್ತಿಗೆ ಆಟ ನಿಂತಿತು. ಕುಣಿಯುವವರು ಒಬ್ಬೊಬ್ಬರು ಒಂದೊಂದು ಊರು ಸೇರಿದರು. ನಾನು ದೇವರಿಗೆ ಕಾಯಿ ಒಡೆದೆ. ಆದರೆ ಸಂಜೆಯಾದರೆ ಆ ಇಬ್ಬರೂ ಬದುವಿನ ಮೇಲೆ ಕೂತು ಮಾತಾಡುವುದು ನಿಲ್ಲಲಿಲ್ಲ. ದೂರದಿಂದ ಯಜಮಾನರ ನಗು ಕೇಳಿಸುವುದು... ಮನೆಗೆ ಬಂದರೆ ಮತ್ತೆ ಕಲ್ಲು.

ಎಂಬತ್ತರ ದಶಕದ ಮೊದಲಲ್ಲಿ ರಾಣಿ ಆಟಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಹಳೆಯ ವೇಷಗಾರರನ್ನೆಲ್ಲ ಕೂಡಿಸಿ ಇನ್ನೊಮ್ಮೆ ಆಡಿಸಬೇಕೆಂದು ಊರವರು ತೀರ್ಮಾನಿಸಿದರು. ಕೆಂಕೆರೆಯಿಂದ ಮಂತ್ರಿ ಬಂದ, ಬಾಯಲ್ಲಿ ಹಲ್ಲಿರಲಿಲ್ಲ. ಹೊನ್ನವಳ್ಳಿಯಿಂದ ಸೇನಾಪತಿ ಬಂದ, ಎದೆಗವಚದ ಹುರಿ ಅವನ ಹೊಟ್ಟೆಯನ್ನು ಸುತ್ತಿ ಬರಲೇ ಇಲ್ಲ. "ರಾತ್ರಿಯೆಲ್ಲಾ ಕುಣಿಯಾಕೆ ಮಂಡಿ ಎಲ್ಲವ್ಲಾ? ಮದ್ಯಾನ್ನ ಸುರು ಮಾಡಾನ. ಹೊತ್ತು ಮುಳುಗಾ ಹೊತ್ಗೆ ರಾಜ ಗೆದ್ರೂ ಸರಿ, ಸತ್ರೂ ಸರಿ" ಅಂದ ಮಂತ್ರಿ. ಹಾಗೇ ಗೊತ್ತಾಯಿತು.

ಹಿಂದೆ ರಾಣಿಗೆ ಸೀರೆ ಉಡಿಸುತ್ತಿದ್ದ ಮುದುಕ ತೀರಿಹೋಗಿದ್ದ. ಆಟದ ದಿನ ಊಟದ ಹೊತ್ತಿಗೆ ಸರಿಯಾಗಿ ದೊಡ್ಡೆಂಡ್ತಿ ನಮ್ಮ ನಡುಮನೆಗೆ ಬಂದು ನಿಂತರು. ಮೀಸೆ ಬೋಳಿಸಿದ ಜಾಗ ಪುಕ್ಕ ಕಿತ್ತ ಕೋಳಿಯ ಹಾಗೆ ಬೋಳಾಗಿತ್ತು. ಮುಖಕ್ಕೆ ಬಣ್ಣವಾಗಿತ್ತು, ಕೈಯಲ್ಲಿ ಸೀರೆ. "ಉಡ್ಸು ತಂಗಿ. ನನ್ ಮನೇವ್ಳು ನಗ್ತಾ ನಗ್ತಾ ನೆರಿಗೇನೇ ಬಿಡ್ತಾಳೆ" ಅಂದರು.

ಸವತಿಗೆ ಸೀರೆ ಉಡಿಸುವ ಭಾಗ್ಯ ಯಾರಿಗುಂಟು ಹೇಳಿ! ಸೀರೆ ಸುತ್ತಿ ಸೊಂಟದಲ್ಲಿ ಗಂಟು ಎಳೆದೆ.

"ಉಸ್ರಾಡಾಕಾದ್ರೂ ಬುಡವ್ವಾ!"

ಇಷ್ಟು ವರ್ಷ ಗಂಟಲಲ್ಲಿದ್ದದ್ದು ಆಗ ಬಾಯಿಗೆ ಬಂತು. "ಅಣ್ಣಾ, ಈ ಸಲಾನಾದ್ರೂ ಅವ್ರ ಎಡಕ್ಕೆ ನಿಂತ್ಕಳಿ. ಬಲಕ್ ನಿಂತು ನನ್ನ ಆಡ್ಕಳಂಗೆ ಮಾಡ್ಬ್ಯಾಡಿ."

ಅವರು ನಗಲಿಲ್ಲ. "ಎಡಕ್ ನಿಂತ್ರೆ ಅವ್ನಿಗೆ ಕೇಳಾಕಿಲ್ವಲ್ಲ ತಂಗಿ" ಅಂದರು.

"ಏನು ಕೇಳಾಕಿಲ್ಲ?"

"ಮಾತು. ಎಡಗಿವಿ ಸತ್ತೈತಲ್ಲ. ಚಿಕ್ಕೋರಿದ್ದಾಗ ಇಬ್ರೂ ಬಾವಿಗೆ ಧುಮುಕ್ತಿದ್ವಿ, ಆಗ್ಲೇ ಹೋಯ್ತು." ನನ್ನ ಮುಖ ನೋಡಿದರು. ದನಿ ಇಳಿಯಿತು. "ನಿಂಗೊತ್ತಿಲ್ವಾ? ಕಿವಿ ಐಬಿರೋನಿಗೆ ಹೆಣ್ಣು ಕೊಡಕಿಲ್ಲ ಅಂತ ನಿಮ್ಮಪ್ಪಂಗೆ ಹೇಳಿರ್ಲಿಲ್ಲ. ಆಮ್ಯಾಕಾದ್ರೂ ಹೇಳಿರ್ತಾನೆ ಅಂದ್ಕಂಡಿದ್ದೆ..."

ನೆರಿಗೆ ನನ್ನ ಬೆರಳಲ್ಲೇ ಉಳಿಯಿತು. ಇಷ್ಟು ವರ್ಷ ಎಡಕ್ಕೆ ಕೂತು ಆಡಿದ ಮಾತೆಲ್ಲ ಕಣ್ಣ ಮುಂದೆ ಬಂತು. ಅವರು ಬಲಮಗ್ಗುಲಲ್ಲಿ ಮಲಗುವವರು. ಕೇಳುವ ಕಿವಿ ದಿಂಬಿನಲ್ಲಿ, ಕೇಳದ ಕಿವಿ ನನ್ನ ಕಡೆಗೆ. ಆ ಕಿವಿಗೆ ನಾನು ಎಷ್ಟೊಂದು ಕಷ್ಟಸುಖ ತೋಡಿಕೊಂಡಿದ್ದೆ! ಪುಣ್ಯಕ್ಕೆ ಒಂದಷ್ಟು ಬೈಗುಳವೂ ಅಲ್ಲೇ ಮಣ್ಣಾಗಿತ್ತು.

ಮಧ್ಯಾಹ್ನ ತೆಂಗಿನ ನೆರಳಲ್ಲಿ ಆಟ ನಡೆಯಿತು. ಮದ್ದಳೆ ಮುಖವೀಣೆಯ ಅಬ್ಬರದಲ್ಲಿ ರಾಜನಿಗೆ ಪದ ತಪ್ಪುವಂತಾದಾಗ ರಾಣಿ ಅವನ ಬಲಗಿವಿಗೆ ಬಾಗಿ, ಮುಂಗುರುಳು ಸರಿಮಾಡುವ ನೆಪದಲ್ಲಿ ಪದ ಹೇಳಿಬಿಡುತ್ತಿದ್ದಳು. ನಾನು ಒಯ್ಯಾರ ಎಂದುಕೊಂಡಿದ್ದದ್ದು ಅದೇ. ಇಬ್ಬರ ಮಂಡಿಯೂ ಕಟಕಟ ಎನ್ನುತ್ತಿತ್ತಂತೆ, ಹೆಜ್ಜೆ ಮಾತ್ರ ಕೂದಲೆಳೆ ತಪ್ಪಲಿಲ್ಲ. ಜನ ಎದ್ದು ನಿಂತು ಶಿಳ್ಳೆ ಹೊಡೆದರು.

ವಿಷಯ ತಿಳಿದ ಮೇಲೆ ನನ್ನ ಮತ್ಸರ ಆರಬೇಕಿತ್ತಲ್ಲವೇ? ದುಪ್ಪಟ್ಟಾಯಿತು. ಕುಣಿತಕ್ಕಾದರೆ ಪಟ್ಟಿದ್ದು ಸಣ್ಣ ಹೊಟ್ಟೆಕಿಚ್ಚು. ಗಂಡನ ಒಂದು ಕಿವಿ ಇಲ್ಲವೆಂಬುದು ಮನೆಯವಳಿಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಿತ್ತಲ್ಲ, ಆ ಕಿಚ್ಚಿಗೆ ಯಾವ ನೀರು ಸುರಿಯಲಿ? ಆಟ ಮುಗಿಸಿ ಬಂದು ಇಬ್ಬರೂ ನಮ್ಮ ಜಗುಲಿಯ ಮೇಲೆ ಕೂತರು. ಯಜಮಾನರು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಗೆಳೆಯನ ಮುಖದ ಬಣ್ಣ ಒರೆಸಿದರು. ಕಣ್ಣ ಸುತ್ತ ಬೆರಳು ಎಷ್ಟು ಹಗುರವಾಗಿ ಓಡಾಡಿತೆಂದರೆ... ನೀರಿನ ಚೊಂಬು ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ.

"ನಿಂತ್ಕಂಡ್ ಏನ್ ನೋಡ್ತೀಯ ತಂಗಿ? ನಿನ್ ಗಂಡನ್ನ ನೀನೇ ಇಟ್ಕ. ನಂಗೂ ಸಾಕಾಗೈತೆ" ಅಂದರು, ಬಣ್ಣ ಅರ್ಧ ಹೋದ ಮುಖದಲ್ಲಿ.

ಮರುದಿನ ಊಟಕ್ಕೆ ಬಡಿಸುವಾಗ ನಾನು ಯಜಮಾನರ ಬಲಕ್ಕೆ ಹೋಗಿ ಕೂತೆ. ದನಿ ಏರಿಸದೆ, "ಇನ್ನೊಂದ್ ಮುದ್ದೆ ಇಡ್ಲಾ?" ಅಂದೆ. ಅವರು ತಿರುಗಿ ನನ್ನನ್ನು ನೋಡಿದರು.

"ಅಂವ ಹೇಳುದ್ನಾ?"

"ಹ್ಞೂಂ."

"ಹೇಳ್ದೆ ಇರ್ಬೇಕಂತಲ್ಲ... ಮೊದ್ಲು ಹೆದ್ರಿಕೆ. ಆಮ್ಯಾಕೆ ಹೆಂಗ್ ಹೇಳಾದು ಅಂತ." ತಟ್ಟೆಯನ್ನು ನನ್ನ ಕಡೆ ಸರಿಸಿ, "ಇಡು, ಅರ್ಧ" ಅಂದರು.

ಆಮೇಲೆ ನಮ್ಮ ಮನೆಯಲ್ಲಿ ಮಾತು ಹುಟ್ಟಿತು. ಜೇನು ಸುರಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಎಮ್ಮೆಯ ವಿಷಯ, ಮಳೆಯ ವಿಷಯ, ನನ್ನ ತಂಗಿಯ ಮಗಳ ವಿಷಯ... ನನಗೆ ಅಷ್ಟೇ ಸಾಕಾಗಿತ್ತು. ಅದು ದೊಡ್ಡೆಂಡ್ತಿ ಕೊಟ್ಟದ್ದು ಎಂದು ನೆನಪಾದಾಗ ಮಾತ್ರ ಒಳಗೆ ಚುರ್ರೆನ್ನುತ್ತಿತ್ತು.

ಆ ದಶಕ ಮುಗಿಯುವ ಮೊದಲೇ ಅವರು ಕಾಮಾಲೆಯಾಗಿ ಹೋದರು. ಸುದ್ದಿ ತಂದವನು ಅಭ್ಯಾಸಬಲದಿಂದ, "ದೊಡ್ಡೆಂಡ್ತಿ ಹೋದ್ಲು ಕಣವ್ವಾ" ಅಂದ. ಯಾರೂ ನಗಲಿಲ್ಲ. ಯಜಮಾನರು ಮಣ್ಣು ಮಾಡಿ ಬಂದು ಗೋಡೆಗೆ ಒರಗಿ ಕೂತು ಮಗುವಿನ ಹಾಗೆ ಅತ್ತರು. ಬೆನ್ನು ಸವರುತ್ತಿದ್ದ ನನಗೆ ಆಗಲೂ ಅನ್ನಿಸಿತು... ನನಗಾಗಿ ಹೀಗೆ ಅತ್ತಾರೆಯೇ? ಅನ್ನಿಸಿದ್ದನ್ನು ಏನು ಮಾಡಲಿ.

ಈಗ ಯಜಮಾನರ ಇನ್ನೊಂದು ಕಿವಿಯೂ ಮಂದವಾಗಿದೆ. ಮಗ ತಂದುಕೊಟ್ಟ ಮೆಷಿನ್ನು ಗುಂಯ್‌ಗುಡುತ್ತದೆಂದು ತೆಗೆದಿಡುತ್ತಾರೆ. ಮಧ್ಯಾಹ್ನ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರು ಒಮ್ಮೊಮ್ಮೆ ಗಟ್ಟಿಯಾಗಿ, "ದೇವೀ, ಕಹಳೆ ಕೂಗಿತು. ಅಪ್ಪಣೆಯಾದರೆ ಹೊರಡುವೆನು" ಎನ್ನುತ್ತಾರೆ. ಹಾಗೆಂದು ಉತ್ತರಕ್ಕೆ ಕಾಯುತ್ತಾರೆ. ಅಲ್ಲಿ ರಾಣಿ ಏನೋ ಹೇಳಬೇಕು. ಹೇಳಿಕೊಡಲು ಮಂತ್ರಿಯೂ ಇಲ್ಲ, ಸೇನಾಪತಿಯೂ ಇಲ್ಲ, ಭಾಗವತರೂ ಇಲ್ಲ. ನಾನು ಆ ಆಟವನ್ನು ಅಷ್ಟು ಸಲ ನೋಡಿದವಳು, ಗಂಡನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ರಾಣಿಯ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊನ್ನೆಯೂ ಹಾಗೇ ಆಯಿತು. ಮಗುವಿನ ಮುಖ ಒರೆಸಿ, ಎಣ್ಣೆಗೈಯಲ್ಲೇ ಹೋಗಿ ಕುರ್ಚಿಯ ಪಕ್ಕ ನಿಂತೆ. ಏನಾದರೂ ಒಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ಕಣ್ಣು ಮುಚ್ಚಿಕೊಂಡೇ ತಲೆದೂಗಿ, ಯಾರದೋ ಮಾತಿಗೆ ಸಣ್ಣಗೆ ನಕ್ಕು, ರಾಜನ ಮುಂದಿನ ಸಾಲಿಗೆ ಹೋಗಿಬಿಟ್ಟರು.